ಚಂಚಲ ಮಗು: ಜನಪದ ಗ್ರಹಿಕೆ ಮತ್ತು ಬದುಕಿನ ಕಾರಣಗಳು

ಒಂದೆಡೆ ಕೂರದ, ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದ, ಹಿಡಿದ ಕೆಲಸವನ್ನು ಅರ್ಧಕ್ಕೇ ಬಿಟ್ಟು ಇನ್ನೊಂದಕ್ಕೆ ಓಡುವ ಮಗು ಯಾವ ಕಾಲಕ್ಕೂ ಹೊಸದಲ್ಲ. ಅಂಥ ಮಗುವನ್ನು ಕುರಿತು ಹಿರಿಯರು ಚಿಂತಿಸಿದ್ದೂ ಹೊಸದಲ್ಲ. ಹೊಸದಾಗಿರುವುದು ಆ ನಡವಳಿಕೆಗೆ ದೊರೆತಿರುವ ವೈದ್ಯಕೀಯ ಹೆಸರು. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಕನ್ನಡದಲ್ಲಿ ವಿವರಿಸಬಹುದಾದ ಎ.ಡಿ.ಎಚ್.ಡಿ. ಎಂಬ ಪದ ಇಂದು ಆಸ್ಪತ್ರೆಯ ಗೋಡೆಗಳನ್ನು ದಾಟಿ ಶಾಲೆಯ ವರದಿಗೂ ಮನೆಯ ಮಾತಿಗೂ ಬಂದಿದೆ. ಹೆಸರು ಬಂದದ್ದರಿಂದ ಎಷ್ಟೋ ಮಕ್ಕಳಿಗೆ ಉಪಕಾರವಾಗಿದೆ; ಸೋಮಾರಿ, ಪೋಕರಿ ಎಂದು ಏಟು ತಿನ್ನುತ್ತಿದ್ದ ಮಗುವಿಗೆ ಚಿಕಿತ್ಸೆ ದೊರೆಯುವಂತಾಗಿದೆ. ಆದರೆ ಈ ತೊಂದರೆಯ ಲಕ್ಷಣಗಳನ್ನೇ ಹೋಲುವ ನಡವಳಿಕೆ ಬೇರೆ ಬೇರೆ ಕಾರಣಗಳಿಂದಲೂ ಹುಟ್ಟುತ್ತದೆ. ನಿದ್ದೆಗೆಟ್ಟ ಮಗು, ರಕ್ತಹೀನತೆಯ ಮಗು, ಕಿವಿ ಸರಿಯಾಗಿ ಕೇಳಿಸದ ಮಗು, ಹೆದರಿದ ಮಗು ತರಗತಿಯಲ್ಲಿ ಒಂದೇ ಬಗೆಯಾಗಿ ಕಾಣಿಸಬಹುದು. ಇವುಗಳನ್ನು ಬೇರ್ಪಡಿಸಿ ನೋಡುವಲ್ಲಿ ನಮ್ಮ ಜನಪದರ ತಿಳಿವಳಿಕೆ ಎಲ್ಲಿ ನೆರವಾಗುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಹೆಸರಿನ ಹಿನ್ನೆಲೆ

ಗಮನದ ಅಸ್ಥಿರತೆಯನ್ನು ವೈದ್ಯಕೀಯ ವಿಷಯವಾಗಿ ಚರ್ಚಿಸಿದ ಮೊದಲಿಗರಲ್ಲಿ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಒಬ್ಬ. ಆತನ ಗ್ರಂಥ ಪ್ರಕಟವಾದದ್ದು ೧೭೯೮ರಲ್ಲಿ. ೧೯೦೨ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ತನ್ನ ಉಪನ್ಯಾಸಗಳಲ್ಲಿ ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳಲಾಗದ ಮಕ್ಕಳನ್ನು ವರ್ಣಿಸಿದ. ಆತ ಅದನ್ನು ನೈತಿಕ ನಿಯಂತ್ರಣದ ದೋಷವೆಂದು ಕರೆದನೆಂಬುದು ಗಮನಾರ್ಹ. ತುಂಟತನಕ್ಕೂ ಕಾಯಿಲೆಗೂ ನಡುವಣ ಗೆರೆ ವೈದ್ಯಶಾಸ್ತ್ರದಲ್ಲಿಯೂ ಬಹುಕಾಲ ಸ್ಪಷ್ಟವಿರಲಿಲ್ಲ. ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿ ೧೯೮೦ರಲ್ಲಿ ಗಮನದ ಕೊರತೆಯನ್ನು ಹೆಸರಿನಲ್ಲಿಯೇ ಸೇರಿಸಿತು; ೧೯೮೭ರ ಪರಿಷ್ಕರಣೆಯಲ್ಲಿ ಇಂದಿನ ಹೆಸರು ಬಂದಿತು.

ಅದೇ ಕೈಪಿಡಿಯ ೨೦೧೩ರ ಆವೃತ್ತಿ ಹೇಳುವ ನಿಯಮಗಳನ್ನು ಇಲ್ಲಿ ಗಮನಿಸಬೇಕು. ಗಮನಕ್ಕೆ ಸಂಬಂಧಿಸಿದ ಒಂಬತ್ತು ಮತ್ತು ಅತಿಚಟುವಟಿಕೆ ಹಾಗೂ ದುಡುಕಿಗೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಿವೆ. ಮಕ್ಕಳಲ್ಲಿ ಯಾವುದಾದರೂ ಒಂದು ಗುಂಪಿನ ಆರು ಲಕ್ಷಣಗಳಾದರೂ ಇರಬೇಕು; ಅವು ಕನಿಷ್ಠ ಆರು ತಿಂಗಳು ಮುಂದುವರಿದಿರಬೇಕು; ಹಲವು ಲಕ್ಷಣಗಳು ೧೨ ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು; ಮನೆ, ಶಾಲೆ ಎಂಬಂತೆ ಎರಡು ಅಥವಾ ಹೆಚ್ಚು ಸನ್ನಿವೇಶಗಳಲ್ಲಿ ಕಂಡಿರಬೇಕು; ಬದುಕಿಗೆ ಅಡಚಣೆಯಾಗುವಷ್ಟಿರಬೇಕು; ಬೇರೊಂದು ಮಾನಸಿಕ ತೊಂದರೆ ಅದನ್ನು ಇನ್ನೂ ಚೆನ್ನಾಗಿ ವಿವರಿಸುವಂತಿರಬಾರದು. ರಕ್ತಪರೀಕ್ಷೆಯಿಂದಲೋ ಮಿದುಳಿನ ಚಿತ್ರದಿಂದಲೋ ಇದನ್ನು ನಿರ್ಣಯಿಸಲಾಗದು. ನಿರ್ಣಯ ನಿಂತಿರುವುದು ಮಗುವಿನ ಬದುಕಿನ ಕಥನದ ಮೇಲೆ. ಯಾವಾಗಿನಿಂದ, ಎಲ್ಲೆಲ್ಲಿ, ಯಾವುದರ ತರುವಾಯ ಎಂಬ ಪ್ರಶ್ನೆಗಳಿಗೆ ತಾಯಿ, ಅಜ್ಜಿ, ಶಿಕ್ಷಕರು ಕೊಡುವ ಉತ್ತರದ ಮೇಲೆ. ಜಾನಪದ ಅಧ್ಯಯನಕ್ಕೂ ಈ ವಿಷಯಕ್ಕೂ ನಂಟು ಬೆಳೆಯುವುದು ಇಲ್ಲಿಯೇ.

೨. ಪರಧ್ಯಾನ ಎಂಬ ಮಾತು

ಕನ್ನಡದ ಆಡುಮಾತಿನಲ್ಲಿ ಇಂಥ ಮಕ್ಕಳನ್ನು ಕುರಿತ ಪದಗಳು ಹೇರಳವಾಗಿವೆ. ತುಂಟ, ಚೇಷ್ಟೆಗಾರ, ಹಠಮಾರಿ, ಪೋಕರಿ, ಮಂಕ ಎಂಬಿವು ಕೆಲವು. ಕಾಲಲ್ಲಿ ಚಕ್ರವಿದೆ, ಬಾಲವಿಲ್ಲದ ಕೋತಿ ಎಂಬ ನುಡಿಗಟ್ಟುಗಳೂ ಬಳಕೆಯಲ್ಲಿವೆ. ಇವುಗಳಲ್ಲಿ ಹೆಚ್ಚಿನವು ಹೊರಗಿನಿಂದ ನೋಡಿ ಇಟ್ಟ ಹೆಸರುಗಳು. ಪರಧ್ಯಾನ ಎಂಬ ಪದ ಮಾತ್ರ ಬೇರೆ ಜಾಡಿನದು. ಮಗುವಿಗೆ ಧ್ಯಾನವೇ ಇಲ್ಲವೆಂದು ಅದು ಹೇಳುವುದಿಲ್ಲ. ಧ್ಯಾನ ಬೇರೆಡೆ ಇದೆ ಎನ್ನುತ್ತದೆ. ಕೊರತೆ ಎಂಬ ಪರಿಕಲ್ಪನೆಗೂ ಬೇರೆಡೆ ಎಂಬ ಪರಿಕಲ್ಪನೆಗೂ ಇರುವ ಅಂತರ ದೊಡ್ಡದು. ಬೇರೆಡೆ ಎಂದೊಡನೆ ಎಲ್ಲಿ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

ಕಾರಣವನ್ನು ಕುರಿತ ಜನಪದರ ನಿಲುವನ್ನು ಎರಡು ಗಾದೆಗಳು ಸಂಗ್ರಹಿಸಿ ಹೇಳುತ್ತವೆ. ಒಂದು, ಹುಟ್ಟುಗುಣ ಸುಟ್ಟರೂ ಹೋಗದು. ಇನ್ನೊಂದು, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಮೊದಲನೆಯದು ಮಗು ಹೊತ್ತುಕೊಂಡು ಬಂದದ್ದನ್ನು ಕುರಿತದ್ದು; ಎರಡನೆಯದು ಮಗುವಿನ ಮೇಲೆ ಮನೆ ಹೊರಿಸಿದ್ದನ್ನು ಕುರಿತದ್ದು. ಈ ಎರಡನ್ನೂ ಒಂದೇ ಸಮುದಾಯ ಒಂದೇ ಬಾಯಲ್ಲಿ ಹೇಳುತ್ತದೆ. ಸಂದರ್ಭ ನೋಡಿ ಯಾವುದು ಒಪ್ಪುತ್ತದೋ ಅದನ್ನು ಬಳಸುತ್ತದೆ. ಇದನ್ನು ವಿರೋಧಾಭಾಸವೆನ್ನುವುದಕ್ಕಿಂತ ವಿವೇಚನೆಗೆ ಬಿಟ್ಟ ಅವಕಾಶವೆನ್ನುವುದು ಲೇಸು.

ಇಂದಿನ ವಿಜ್ಞಾನವೂ ಎರಡನ್ನೂ ಒಪ್ಪುತ್ತದೆ. ಅವಳಿ ಮಕ್ಕಳನ್ನು ಹೋಲಿಸಿ ನಡೆಸಿದ ಅಧ್ಯಯನಗಳಲ್ಲಿ, ಈ ತೊಂದರೆಯ ವಿಷಯದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಮುಕ್ಕಾಲು ಪಾಲು ಆನುವಂಶಿಕ ಅಂಶಗಳಿಗೆ ಸಲ್ಲುತ್ತದೆ. ಆದ್ದರಿಂದ ಇದು ತಾಯಿಯ ಸಲಿಗೆಯಿಂದಲೋ ತಂದೆಯ ಉದಾಸೀನದಿಂದಲೋ ಹುಟ್ಟುವ ತೊಂದರೆಯಲ್ಲ. ಆದರೆ ತೀವ್ರವಾದ ಜೀವನಾನುಭವ ಇದೇ ಚಹರೆಯ ನಡವಳಿಕೆಯನ್ನು ಉಂಟುಮಾಡಬಲ್ಲದೆಂಬುದಕ್ಕೂ ಆಧಾರವಿದೆ. ೧೯೮೯ರಲ್ಲಿ ರುಮೇನಿಯಾದ ಚೌಷೆಸ್ಕು ಆಡಳಿತ ಕುಸಿದ ನಂತರ ಅಲ್ಲಿನ ಅನಾಥಾಲಯಗಳ ಮಕ್ಕಳನ್ನು ಇಂಗ್ಲೆಂಡಿನ ಕುಟುಂಬಗಳು ದತ್ತು ಪಡೆದವು. ತೀರ ಹದಗೆಟ್ಟ ಆ ಸ್ಥಿತಿಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಕಳೆದ ಮಕ್ಕಳಲ್ಲಿ ಗಮನದ ಅಸ್ಥಿರತೆಯೂ ಅತಿಚಟುವಟಿಕೆಯೂ ಹೆಚ್ಚಾಗಿ ಕಂಡುಬಂದು, ಪ್ರೀತಿಯ ಮನೆಗೆ ಸೇರಿದ ಮೇಲೂ ಹಲವರಲ್ಲಿ ಪ್ರಾಯದವರೆಗೆ ಉಳಿದವು.

ಅಷ್ಟು ದೂರದ ನಿದರ್ಶನವನ್ನು ಬಿಟ್ಟು ನಮ್ಮ ನೆಲಕ್ಕೆ ಬಂದರೆ ಗುಳೆ ಹೋಗುವ ಕುಟುಂಬಗಳ ಮಕ್ಕಳನ್ನು ನೆನೆಯಬೇಕಾಗುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದ ಸುಗ್ಗಿಯ ನಂತರ ಕೆಲಸ ಹುಡುಕಿ ಬೆಂಗಳೂರಿನಂಥ ನಗರಗಳಿಗೆ ಹೋಗುವ ಕುಟುಂಬದ ಮಗುವಿಗೆ ಎರಡೇ ದಾರಿ: ಅಜ್ಜಿಯ ಬಳಿ ಉಳಿಯುವುದು, ಇಲ್ಲವೇ ಕಟ್ಟಡದ ಕೆಲಸದ ಜಾಗಕ್ಕೆ ಹೋಗುವುದು. ಮೊದಲನೆಯದರಲ್ಲಿ ತಾಯಿಯಿಲ್ಲ, ಎರಡನೆಯದರಲ್ಲಿ ಶಾಲೆಯಿಲ್ಲ. ಮರಳಿ ತರಗತಿಗೆ ಬಂದ ಮಗುವಿಗೆ ಪಾಠದ ಕೊಂಡಿ ತಪ್ಪಿರುತ್ತದೆ. ಅರ್ಥವಾಗದ ಪಾಠದ ಮುಂದೆ ಯಾವ ಮಗುವೂ ಸುಮ್ಮನೆ ಕೂರದು. ಇಂಥ ಮಕ್ಕಳಿಗಾಗಿಯೇ ಕರ್ನಾಟಕದಲ್ಲಿ ಟೆಂಟ್ ಶಾಲೆಗಳ ಪ್ರಯೋಗ ನಡೆಯಿತು.

ಮನೆಯ ಜಗಳದ ವಿಷಯವೂ ಹಾಗೆಯೇ. ಹೊಡೆದಾಟ ನಡೆಯುವ ಮನೆಯ ಮಗು ಬಾಗಿಲ ಸದ್ದಿಗೆ, ಹೆಜ್ಜೆಯ ಸದ್ದಿಗೆ, ಸ್ವರದ ಏರಿಳಿತಕ್ಕೆ ಸದಾ ಕಿವಿಗೊಟ್ಟಿರುತ್ತದೆ. ಅಪಾಯವನ್ನು ಮೊದಲೇ ಅರಿಯುವುದು ಅದರ ರಕ್ಷಣೆಯ ಉಪಾಯ. ಶಾಲೆಯಲ್ಲಿಯೂ ಅದೇ ಎಚ್ಚರ ಮುಂದುವರಿದಾಗ ಪುಸ್ತಕದ ಮೇಲೆ ಕಣ್ಣು ನಿಲ್ಲುವುದಿಲ್ಲ. ಅದರ ಗಮನ ಕಡಿಮೆಯಾಗಿಲ್ಲ, ಪೂರ್ತಿ ಖರ್ಚಾಗಿದೆ. ಪರಧ್ಯಾನವೆಂಬ ಪದ ಇಲ್ಲಿ ಅಕ್ಷರಶಃ ಸತ್ಯ.

೩. ಹೆದರಿಕೆ, ಗುಮ್ಮ ಮತ್ತು ಬಾಲಗ್ರಹ

ಮಗುವಿನ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದಾಗ ಹಳ್ಳಿಯ ಹಿರಿಯರು ಮೊದಲು ಹೇಳುವ ಕಾರಣಗಳಲ್ಲಿ ಒಂದು ಬೆಚ್ಚಿರುವುದು. ಮಗು ಬೆಚ್ಚಿದೆ, ಹೆದರಿಕೆ ಹೊಕ್ಕಿದೆ, ಗಾಳಿ ಸೋಂಕಿದೆ ಎನ್ನುತ್ತಾರೆ. ದೃಷ್ಟಿ ತೆಗೆಯುತ್ತಾರೆ, ನೀರು ಮಂತ್ರಿಸುತ್ತಾರೆ, ಗುಡಿಯಿಂದಲೋ ದರ್ಗಾದಿಂದಲೋ ತಾಯಿತ ತಂದು ಕಟ್ಟುತ್ತಾರೆ. ಉಪ್ಪು, ಮೆಣಸಿನಕಾಯಿ, ಸಾಸಿವೆಗಳನ್ನು ನಿವಾಳಿಸುವಾಗ ಯಾರ ಯಾರ ಕಣ್ಣು ಬಿದ್ದಿರಬಹುದೆಂದು ಮನೆಯ ಹಿರಿಯಳು ಎಣಿಸುತ್ತ ಹೋಗುವುದುಂಟು. ಇದನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸಿ ಸುಮ್ಮನಾಗುವುದು ಸುಲಭ. ಆದರೆ ಆಚರಣೆಯ ಒಳಗೆ ಒಂದು ವಿಚಾರಣೆ ನಡೆಯುತ್ತದೆ: ಮಗು ಎಲ್ಲಿಗೆ ಹೋಗಿತ್ತು, ಯಾರನ್ನು ಕಂಡಿತು, ಏನನ್ನು ನೋಡಿ ಬೆದರಿತು? ಉತ್ತರ ಏನೇ ಬರಲಿ, ಮಗುವಿನ ಕಳೆದ ನಾಲ್ಕು ದಿನಗಳನ್ನು ಮನೆ ಒಮ್ಮೆ ತಿರುಗಿ ನೋಡುತ್ತದೆ.

ಶಾಸ್ತ್ರಪರಂಪರೆಯಲ್ಲಿಯೂ ಇದಕ್ಕೆ ಸಮಾನಾಂತರಗಳಿವೆ. ಸುಶ್ರುತಸಂಹಿತೆಯ ಉತ್ತರತಂತ್ರ ಸ್ಕಂದ, ಶಕುನಿ, ರೇವತಿ, ಪೂತನಾ, ನೈಗಮೇಷ ಮೊದಲಾದ ಒಂಬತ್ತು ಬಾಲಗ್ರಹಗಳನ್ನು ವಿವರಿಸುತ್ತದೆ. ಅಂಜಿದ, ಗದರಿಸಲ್ಪಟ್ಟ, ಏಟು ತಿಂದ ಮಕ್ಕಳು ಗ್ರಹಗಳಿಗೆ ಗುರಿಯಾಗುತ್ತಾರೆಂಬ ಅಭಿಪ್ರಾಯ ಅಲ್ಲಿದೆ. ಗ್ರಹವೆಂಬ ನಂಬಿಕೆಯನ್ನು ಬದಿಗಿಟ್ಟರೆ ಉಳಿಯುವುದು ಒಂದು ನೇರ ಅವಲೋಕನ: ಹೊಡೆದ ಮಗು ಕೆಡುತ್ತದೆ. ಚರಕಸಂಹಿತೆಯ ಶಾರೀರಸ್ಥಾನ ಇನ್ನೂ ಮುಂದೆ ಹೋಗಿ, ಮಗು ಅತ್ತರೂ ಉಣ್ಣದಿದ್ದರೂ ರಾಕ್ಷಸ, ಪಿಶಾಚ, ಪೂತನೆಯರ ಹೆಸರು ಹೇಳಿ ಹೆದರಿಸಬಾರದೆಂದು ವಿಧಿಸುತ್ತದೆ.

ಆದರೂ ಹೆದರಿಸಿ ಉಣಿಸುವ ಪದ್ಧತಿ ನಮ್ಮಲ್ಲಿ ನಿಂತಿಲ್ಲ. ಕನ್ನಡ ನಾಡಿನ ಗುಮ್ಮ ಇದಕ್ಕೆ ಸಾಕ್ಷಿ. ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರಲ್ಲಿ ಬಾಲಕೃಷ್ಣನು ಗುಮ್ಮನನ್ನು ಕರೆಯಬಾರದೆಂದು ತಾಯಿಯನ್ನು ಬೇಡುತ್ತಾನೆ. ಹೆದರಿಕೆಯ ಕೆಲಸವನ್ನು ಮಗುವಿನ ಕಡೆಯಿಂದ ನೋಡಿದ ಅಪರೂಪದ ಪಠ್ಯವದು. ಒಂದು ಕೈ ತಾಯಿತ ಕಟ್ಟಿದರೆ ಇನ್ನೊಂದು ಕೈ ಗುಮ್ಮನನ್ನು ತೋರಿಸುವ ಈ ದ್ವಂದ್ವ ಜನಪದ ಬದುಕಿನಲ್ಲಿದೆ ಎಂಬುದನ್ನು ಮರೆಮಾಚಬೇಕಾಗಿಲ್ಲ.

೪. ಹೊಟ್ಟೆ, ನಿದ್ದೆ, ಕಿವಿ

ದೇಹದ ಕಡೆಯ ಕಾರಣಗಳಲ್ಲಿ ಜನಪದರು ಹೆಚ್ಚು ಗಮನಿಸಿರುವುದು ಹೊಟ್ಟೆಯನ್ನು. ಮಣ್ಣು ತಿನ್ನುವ, ಸುಣ್ಣ ನೆಕ್ಕುವ, ರಾತ್ರಿ ಹಲ್ಲು ಕಡಿಯುವ, ಹಗಲು ಸಿಡಿಮಿಡಿಗುಟ್ಟುವ ಮಗುವಿಗೆ ಹೊಟ್ಟೆಯಲ್ಲಿ ಹುಳುವಾಗಿದೆ ಎನ್ನುವುದು ರೂಢಿ. ಹಲ್ಲು ಕಡಿಯುವುದಕ್ಕೆ ಹುಳುವೇ ಕಾರಣವೆನ್ನಲಾಗದು. ಸಿಹಿ ತಿಂದುದರಿಂದ ಹುಳುವಾಗುತ್ತದೆ ಎಂಬ ನಂಬಿಕೆಯೂ ತಪ್ಪು. ಹುಳು ಬರುವುದು ಮಲದಿಂದ ಮಲಿನವಾದ ಮಣ್ಣಿನಿಂದ. ಆದರೆ ಮಣ್ಣು ತಿನ್ನುವುದನ್ನೂ ಸಿಡುಕನ್ನೂ ಒಟ್ಟಿಗೆ ಕಂಡ ಕಣ್ಣು ಚುರುಕಾದದ್ದು. ಕೊಕ್ಕೆಹುಳು ಕರುಳಿನಲ್ಲಿ ರಕ್ತ ಹೀರಿ ಕಬ್ಬಿಣದ ಅಂಶವನ್ನು ಕುಂದಿಸುತ್ತದೆ. ಕಬ್ಬಿಣದ ಕೊರತೆಯಿರುವ ಮಕ್ಕಳಲ್ಲಿ ಮಣ್ಣು ತಿನ್ನುವ ಚಪಲವೂ ಸಿಡುಕೂ ಗಮನದ ಅಸ್ಥಿರತೆಯೂ ಕಾಣುತ್ತವೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೭.೧ರಷ್ಟು ಮಂದಿ ರಕ್ತಹೀನರು. ೨೦೧೫ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಮಾತ್ರೆಯೂ ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯೂ ಪಾಠಕ್ಕೆ ಸಂಬಂಧವಿಲ್ಲದ ಸಂಗತಿಗಳಲ್ಲ.

ನಿದ್ದೆಯ ವಿಷಯದಲ್ಲಿ ತೊಟ್ಟಿಲು, ಜೋಗುಳ, ಎಣ್ಣೆನೀರು, ಸಂಜೆಯ ದೀಪದ ಹೊತ್ತಿಗೆ ಮಗುವನ್ನು ಒಳಗೆ ಕರೆಯುವ ಕಟ್ಟಳೆ ಇವೆಲ್ಲ ಒಂದು ವ್ಯವಸ್ಥೆಯಾಗಿ ಕೆಲಸ ಮಾಡುತ್ತಿದ್ದವು. ನಿದ್ದೆ ಸಾಲದ ದೊಡ್ಡವರು ತೂಕಡಿಸಿದರೆ ಮಕ್ಕಳು ಅನೇಕ ವೇಳೆ ಕುಣಿದಾಡುತ್ತಾರೆ, ರಚ್ಚೆ ಹಿಡಿಯುತ್ತಾರೆ. ಆರರಿಂದ ಹನ್ನೆರಡು ವರ್ಷದ ಮಗುವಿಗೆ ದಿನಕ್ಕೆ ೯ರಿಂದ ೧೨ ಗಂಟೆಗಳ ನಿದ್ದೆ ಬೇಕೆಂದು ತಜ್ಞರು ಹೇಳುತ್ತಾರೆ. ಒಂದೇ ಕೋಣೆಯ ಮನೆಯಲ್ಲಿ ನಡುರಾತ್ರಿಯವರೆಗೆ ದೂರದರ್ಶನವೂ ಮೊಬೈಲೂ ಬೆಳಗುತ್ತಿದ್ದರೆ ಅಷ್ಟು ನಿದ್ದೆ ಎಲ್ಲಿಂದ ಬರಬೇಕು? ಗೊರಕೆಯ ಮಗುವನ್ನು ಗಾಢನಿದ್ದೆಯ ಮಗುವೆಂದು ಹೊಗಳುವ ರೂಢಿಯೂ ನಮ್ಮಲ್ಲಿದೆ. ಮೂಗಿನ ಹಿಂಭಾಗದ ಮತ್ತು ಗಂಟಲಿನ ಗ್ರಂಥಿಗಳು ಊದಿಕೊಂಡು ಉಸಿರಾಟ ತಡೆಯುತ್ತಿದ್ದರೆ ರಾತ್ರಿಯಿಡೀ ನಿದ್ದೆ ತುಂಡಾಗುತ್ತಿರುತ್ತದೆ. ಇಂಥ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು ೨೦೧೩ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಗ್ರಂಥಿಗಳನ್ನು ತೆಗೆದ ನಂತರ ಗಮನದ ಪರೀಕ್ಷೆಯ ಅಂಕಗಳು ಹೇಳುವಷ್ಟು ಏರದಿದ್ದರೂ ನಡವಳಿಕೆ ಮತ್ತು ನಿದ್ದೆ ಸುಧಾರಿಸಿದವು.

ಕಿವಿಯ ಸ್ಥಾನ ಬೇರೆ. ಹೇಳಿದ ಮಾತು ಕೇಳುವುದಿಲ್ಲ ಎಂಬ ದೂರು ಕನ್ನಡದಲ್ಲಿ ಎರಡರ್ಥದ್ದು: ಕೇಳಿಸುವುದಿಲ್ಲ, ವಿಧೇಯನಾಗುವುದಿಲ್ಲ. ಕಿವಿ ಸೋರುವ ಮಗುವಿನ ವಿಷಯದಲ್ಲಿ ಮೊದಲನೆಯ ಅರ್ಥವನ್ನು ಬಿಟ್ಟು ಎರಡನೆಯದನ್ನೇ ಹಿಡಿಯುವುದರಿಂದ ಅನ್ಯಾಯವಾಗುತ್ತದೆ. ಕೆಲವು ಕ್ಷಣ ದಿಟ್ಟಿಸಿ ನೋಡುತ್ತ ನಿಂತು, ಕರೆದರೂ ಓಗೊಡದೆ, ಮತ್ತೆ ಏನೂ ಆಗದಂತೆ ಮುಂದುವರಿಯುವ ಮಗುವಿನ ಸ್ಥಿತಿಯೂ ಇಂಥದೇ. ದಿನಕ್ಕೆ ಹಲವು ಬಾರಿ ಮರುಕಳಿಸುವ ಇದು ಮೂರ್ಛೆರೋಗದ ಒಂದು ಬಗೆಯಾಗಿರಬಹುದು. ಮನೆಯವರು ಗಾಳಿ ಎನ್ನುತ್ತಾರೆ, ಶಿಕ್ಷಕರು ಹಗಲುಗನಸು ಎನ್ನುತ್ತಾರೆ. ವೈದ್ಯರ ಬಳಿಗೆ ಹೋದರೆ ಔಷಧದಿಂದ ಹತೋಟಿಗೆ ತರಬಹುದಾದ ತೊಂದರೆಯದು.

೫. ಆಟದ ಬಯಲಿನಿಂದ ಬೆಂಚಿಗೆ

ಚಂಚಲ ಮಗು ಸಮಸ್ಯೆಯಾಗಿ ಕಾಣುವುದು ಅದು ಎಲ್ಲಿ ಇದೆ ಎಂಬುದನ್ನೂ ಅವಲಂಬಿಸಿದೆ. ದನ ಕಾಯುವ, ಹಕ್ಕಿ ಓಡಿಸುವ, ನೀರು ಹೊರುವ ಕೆಲಸಗಳಲ್ಲಿ ಓಡಾಟಕ್ಕೆ ಎಡೆಯಿತ್ತು. ಅಂದಿನ ಬಾಲ್ಯ ಸುಖದ್ದಾಗಿತ್ತೆಂದು ಇದರ ಅರ್ಥವಲ್ಲ. ಅದು ಬಾಲಕಾರ್ಮಿಕ ದುಡಿಮೆಯೂ ಹೌದು, ಅಕ್ಷರದಿಂದ ದೂರವಿಟ್ಟ ಬದುಕೂ ಹೌದು. ಆದರೆ ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆಗಳ ಬಯಲಿನಲ್ಲಿ ಚುರುಕು ಕಾಲು ಗುಣವಾಗಿತ್ತು. ಚೌಕಾಬಾರ, ಅಳಗುಳಿಮಣೆಗಳಲ್ಲಿ ತನ್ನ ಸರದಿಗೆ ಕಾಯುವುದನ್ನು, ಕವಡೆ ಬೀಳುವವರೆಗೆ ಕೈ ತಡೆಯುವುದನ್ನು ಮಗು ಯಾರೂ ಕಲಿಸದೆಯೇ ಕಲಿಯುತ್ತಿತ್ತು. ಆಟದಲ್ಲಿ ನಿಯಮ ಮುರಿದವನಿಗೆ ಸಿಗುತ್ತಿದ್ದ ಶಿಕ್ಷೆ ಆಟದಿಂದ ಹೊರಗುಳಿಯುವುದು, ಏಟಲ್ಲ.

ಶಾಲೆಯ ಬೆಂಚು ಇದಕ್ಕಿಂತ ಬೇರೆಯದನ್ನು ಕೇಳುತ್ತದೆ. ವಯಸ್ಸಿನಲ್ಲಿ ತೀರ ಚಿಕ್ಕದಾದ ಮಗುವಿಗೆ ಅದು ಇನ್ನೂ ಕಷ್ಟ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಶಾಲಾ ಪ್ರವೇಶದ ಎಣಿಕೆ ಡಿಸೆಂಬರ್ ಕೊನೆಗೆ ಮುಗಿಯುತ್ತದೆ. ಅಲ್ಲಿನ ೨೦೧೨ರ ಅಧ್ಯಯನದಂತೆ, ಜನವರಿಯಲ್ಲಿ ಹುಟ್ಟಿದವರಿಗೆ ಹೋಲಿಸಿದರೆ ಡಿಸೆಂಬರ್‌ನಲ್ಲಿ ಹುಟ್ಟಿದ ಹುಡುಗರಿಗೆ ನೂರಕ್ಕೆ ೩೦ರಷ್ಟು, ಹುಡುಗಿಯರಿಗೆ ನೂರಕ್ಕೆ ೭೦ರಷ್ಟು ಹೆಚ್ಚಾಗಿ ಈ ರೋಗದ ಹೆಸರು ಅಂಟಿತ್ತು. ಒಂದೇ ತರಗತಿಯ ಅತಿ ಕಿರಿಯರ ಎಳೆತನವೇ ದೋಷವೆಂದು ತೋರಿತ್ತೆಂಬುದು ಇದರ ತಾತ್ಪರ್ಯ. ವಯಸ್ಸು ತುಂಬುವ ಮೊದಲೇ ಮಗುವನ್ನು ಒಂದನೆಯ ತರಗತಿಗೆ ಸೇರಿಸಲು ಆತುರಪಡುವ ನಮ್ಮ ಪೋಷಕರಿಗೆ ಈ ಮಾತು ಸಲ್ಲುತ್ತದೆ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಬಗೆಯ ತಪ್ಪು ನಡೆಯುತ್ತದೆ. ಓಡಾಡದೆ, ಗಲಾಟೆ ಮಾಡದೆ, ಗಮನ ಮಾತ್ರ ಜಾರುತ್ತಿರುವ ಹುಡುಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ಆದ್ದರಿಂದ ಅವಳ ತೊಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳಿಗೆ ಓದು ಹತ್ತುವುದಿಲ್ಲ ಎಂಬ ತೀರ್ಮಾನ ಬೇಗ ಬರುತ್ತದೆ. ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲಿ ಕೈ ಬೇಕೇ ಬೇಕು.

೬. ಜನಪದ ತಿಳಿವಳಿಕೆಯ ಮಿತಿ

ಮೇಲಿನ ವಿವೇಚನೆಯಿಂದ ಜನಪದರ ಪರಿಹಾರಗಳೆಲ್ಲ ಸರಿಯೆಂದು ಭಾವಿಸಬಾರದು. ಕಾಯಿಸಿದ ಲೋಹದಿಂದ ಮಕ್ಕಳಿಗೆ ಬರೆ ಹಾಕುವ ಪದ್ಧತಿ ಕ್ರೂರವಾದದ್ದು. ಸುಟ್ಟ ಗಾಯದಿಂದ ಸೋಂಕು ತಗಲಿ ಜೀವಕ್ಕೇ ಅಪಾಯವಾಗಬಹುದು. ೨೦೧೫ರ ಬಾಲನ್ಯಾಯ ಕಾಯಿದೆಯ ಪ್ರಕಾರ ಮಕ್ಕಳ ಮೇಲಿನ ಕ್ರೌರ್ಯ ಶಿಕ್ಷಾರ್ಹ. ಕಣ್ಣಿಗೆ ಹಚ್ಚುವ ಸುರುಮ ಕೆಲವೊಮ್ಮೆ ಸೀಸದ ಸಂಯುಕ್ತವಾಗಿರುತ್ತದೆ. ಸೀಸವು ಮಗುವಿನ ಮಿದುಳಿಗೆ ವಿಷ. ಗಮನವನ್ನೂ ಬುದ್ಧಿಯನ್ನೂ ಕುಂದಿಸುತ್ತದೆ. ಕಣ್ಣಿನ ಕಾಪಿಗೆಂದು ಹಚ್ಚಿದ್ದು ಮನಸ್ಸಿಗೆ ಕೇಡಾಗುವ ದುರಂತವಿದು.

ಇನ್ನೊಂದು ಮಿತಿ ತಾಯಿಯನ್ನು ದೂರುವುದು. ಬಸುರಿಯಲ್ಲಿ ಗ್ರಹಣ ನೋಡಿದಳು, ಹೊಸ್ತಿಲ ಮೇಲೆ ಕುಳಿತಳು, ಮಡಿ ಕೆಡಿಸಿದಳು ಎಂಬ ಆರೋಪಗಳ ಜಾಗದಲ್ಲಿ ಇಂದು ಮೊಬೈಲ್ ಕೊಟ್ಟಳು, ಕೆಲಸಕ್ಕೆ ಹೋದಳು ಎಂಬ ಆರೋಪಗಳು ಬಂದಿವೆ. ಮಾತು ಬದಲಾಗಿದೆ, ಬೆರಳು ತೋರುವ ದಿಕ್ಕು ಬದಲಾಗಿಲ್ಲ. ಬದುಕಿನ ಕಾರಣಗಳನ್ನು ಹುಡುಕುವುದೆಂದರೆ ಆರೋಪಿಯನ್ನು ಹುಡುಕುವುದಲ್ಲ. ಬಡತನ, ಗುಳೆ, ಕುಡಿತ, ಇಕ್ಕಟ್ಟಿನ ಮನೆ ಇವುಗಳ ಹೊಣೆಯನ್ನು ಒಬ್ಬ ತಾಯಿಯ ತಲೆಗೆ ಕಟ್ಟಲಾಗದು.

ಮೂರನೆಯ ಮಿತಿ ಇನ್ನೂ ಸೂಕ್ಷ್ಮವಾದದ್ದು. ಎಲ್ಲಕ್ಕೂ ಮನೆಯಲ್ಲಿ ನಡೆದ ಘಟನೆಯೇ ಕಾರಣವೆಂದು ನಂಬಿದರೆ, ನಿಜವಾಗಿ ಎ.ಡಿ.ಎಚ್.ಡಿ. ಇರುವ ಮಗು ಚಿಕಿತ್ಸೆಯಿಂದ ವಂಚಿತವಾಗುತ್ತದೆ. ೨೦೦೭ರಲ್ಲಿ ಪ್ರಕಟವಾದ ಜಾಗತಿಕ ಪರಿಶೀಲನೆಯೊಂದು ನೂರರಲ್ಲಿ ಸುಮಾರು ಐದು ಮಕ್ಕಳಲ್ಲಿ ಈ ತೊಂದರೆಯಿದೆ ಎಂದು ಅಂದಾಜಿಸಿತು. ಅವರಿಗೆ ಔಷಧವೂ ಪೋಷಕರ ತರಬೇತಿಯೂ ಶಾಲೆಯ ಹೊಂದಾಣಿಕೆಯೂ ನೆರವಾಗುತ್ತವೆ. ಒಂದೇ ಮಗುವಿನಲ್ಲಿ ಹುಟ್ಟುಗುಣವೂ ಮನೆಯ ಕಷ್ಟವೂ ಒಟ್ಟಿಗೆ ಇರುವುದೂ ಅಪರೂಪವಲ್ಲ. ಚಂಚಲ ಮಗುವಿಗೆ ಏಟು ಹೆಚ್ಚು, ಏಟು ಬಿದ್ದಷ್ಟೂ ಚಾಂಚಲ್ಯ ಹೆಚ್ಚು ಎಂಬ ಸುಳಿ ಅಲ್ಲಿಂದಲೇ ಆರಂಭವಾಗುತ್ತದೆ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ವಿಧಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿರುವುದು ಈ ಸುಳಿಯನ್ನು ಶಾಲೆಯ ಮಟ್ಟಿಗಾದರೂ ತುಂಡರಿಸಬಲ್ಲದು.

೭. ಸಮಾರೋಪ

ಜನಪದರ ಉತ್ತರಗಳು ಅನೇಕ ವೇಳೆ ತಪ್ಪಾಗಿವೆ. ಅವರ ಪ್ರಶ್ನೆ ತಪ್ಪಾಗಿಲ್ಲ. ಯಾವಾಗಿನಿಂದ ಹೀಗೆ? ಎಲ್ಲೆಲ್ಲಿ ಹೀಗೆ? ಅದಕ್ಕೆ ಮೊದಲು ಏನಾಯಿತು? ಎಳವೆಯಿಂದಲೂ ಮನೆ, ಶಾಲೆ, ಜಾತ್ರೆ ಎಲ್ಲೆಡೆಯೂ ಹೀಗೆಯೇ ಇರುವ ಮಗುವಿನ ದಾರಿ ಒಂದು. ಅಜ್ಜಿ ತೀರಿದ ಮೇಲೆ, ತಂದೆ ಊರು ಬಿಟ್ಟ ಮೇಲೆ, ಕಿವಿ ಸೋರಲು ತೊಡಗಿದ ಮೇಲೆ ಹೀಗಾದ ಮಗುವಿನ ದಾರಿ ಇನ್ನೊಂದು. ಎರಡೂ ಮಕ್ಕಳಿಗೆ ನೆರವು ಬೇಕು, ಒಂದೇ ಬಗೆಯ ನೆರವಲ್ಲ. ಕಾರಣ ಕೇಳದೆ ಹೆಸರಿಡುವ ಶಾಲೆಯೂ ಕಾರಣ ಕೇಳದೆ ಕೈಯೆತ್ತುವ ಮನೆಯೂ ಮಗುವಿಗೆ ಮಾಡುವ ಕೇಡು ಒಂದೇ.

ಈ ನಿಟ್ಟಿನಲ್ಲಿ ಜಾನಪದ ಸಂಶೋಧನೆಗೆ ನಿರ್ದಿಷ್ಟವಾದ ಕೆಲಸವಿದೆ. ಮಕ್ಕಳ ಕಾಯಿಲೆಯ ನಂಬಿಕೆಗಳನ್ನು ಪಟ್ಟಿ ಮಾಡಿದ ಸಂಗ್ರಹಗಳು ನಮ್ಮಲ್ಲಿವೆ. ಆ ನಂಬಿಕೆಯ ಸುತ್ತ ಮನೆಯವರು ಹೇಳುವ ಕಥನವನ್ನು ಪೂರ್ತಿಯಾಗಿ ದಾಖಲಿಸಿದವು ವಿರಳ. ಬೆಚ್ಚಿದ ಮಗು ಎಂದಾಗ ಬೆಚ್ಚುವಂಥದ್ದು ಏನು ನಡೆಯಿತು ಎಂಬುದನ್ನೂ ಬರೆದುಕೊಳ್ಳಬೇಕು. ಆ ಕಥನ ಅಂಗನವಾಡಿ ಕಾರ್ಯಕರ್ತೆಗೆ, ಶಿಕ್ಷಕರಿಗೆ, ಮಕ್ಕಳ ವೈದ್ಯರಿಗೆ ಸಿಗುವಂತಾದರೆ ಅಜ್ಜಿಯ ವಿಚಾರಣೆಯೂ ಆಸ್ಪತ್ರೆಯ ವಿಚಾರಣೆಯೂ ಒಂದೇ ಮಗುವಿನ ಪರವಾಗಿ ನಿಲ್ಲುತ್ತವೆ. ಧ್ಯಾನ ಬೇರೆಡೆ ಹೋಗಿರುವ ಮಗುವನ್ನು ಇಲ್ಲಿಗೆ ಕರೆಯುವ ಮೊದಲು ಅದು ಎಲ್ಲಿ ಹೋಗಿದೆ ಎಂದು ತಿಳಿಯಬೇಕು.